ಗುಡಾರ ಹೊಲಿದವನೂ ಓದಿದವನೇ: ರಜೆ ಕೆಲಸ, ಪಾರ್ಟ್ ಟೈಮ್ ಕೆಲಸದ ಬಗ್ಗೆ ಯೌವನಸ್ಥರಿಗೆ ಒಂದು ಪಾಠ

(ಏಪ್ರಿಲ್ ತಿಂಗಳ ಯೌವನಸ್ಥರ ಕೂಟದಲ್ಲಿ ಕೊಟ್ಟ ಪಾಠ. ಮಾತಾಡಿದ್ದನ್ನು ಬರೆದುಕೊಂಡು ಅಲ್ಲಲ್ಲಿ ತಿದ್ದಲಾಗಿದೆ. ಓದಿಕೊಳ್ಳಬೇಕಾದ ಭಾಗಗಳು: ಅಪೊಸ್ತಲರ ಕೃತ್ಯಗಳು 18:1-5, 2 ಥೆಸಲೊನೀಕ 3:6-12, ಧರ್ಮೋಪದೇಶಕಾಂಡ 24:14-15.)



ಹೋದ ವಾರ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟು, "ಈ ರಜೆಯಲ್ಲಿ ಏನು ಮಾಡ್ತೀರಿ? ಹೆಸರು ಬರೀಬೇಡಿ" ಅಂದಿದ್ದೆ. 23 ಚೀಟಿ ವಾಪಸ್ ಬಂದವು. ರಾಮನಗರದವರು, ಚನ್ನಪಟ್ಟಣದವರು, ಕನಕಪುರ, ಮಾಗಡಿ ಕಡೆಯಿಂದ ಬಸ್ಸಲ್ಲಿ ಬರುವವರು ಎಲ್ಲರೂ ಬರೆದಿದ್ದೀರಿ. "ರೆಸ್ಟ್" ಅಂತ ಬರೆದವರೇ ಜಾಸ್ತಿ. ಮೂರು ಜನ "ಕಂಪ್ಯೂಟರ್ ಕ್ಲಾಸ್". ಒಬ್ಬರು "ಅಜ್ಜಿ ಊರು". ಒಬ್ಬರು ಏನೂ ಬರೆಯದೆ ಒಂದು ಬೈಕಿನ ಚಿತ್ರ ಬಿಡಿಸಿದ್ದಾರೆ, ಚೆನ್ನಾಗಿದೆ. ಆದರೆ ಒಂದು ಚೀಟಿ ನನ್ನನ್ನು ವಾರವಿಡೀ ಬಿಡಲಿಲ್ಲ. ಅದರಲ್ಲಿ ಇಷ್ಟೇ ಇತ್ತು: "ಮದುವೆ ಮನೆಗಳಿಗೆ ಬಡಿಸೋಕೆ ಹೋಗ್ತೀನಿ. ಯಾರಿಗೂ ಹೇಳ್ಬೇಡಿ ಪಾಸ್ಟರ್."

ಯಾರಿಗೂ ಹೇಳಬೇಡಿ! ಜನ ನನ್ನ ಹತ್ತಿರ ಬಂದು ಹೀಗೆ ಹೇಳುವುದು ಸಾಮಾನ್ಯವಾಗಿ ಯಾವಾಗ? ಕುಡಿತ ಬಿಡೋಕೆ ಆಗ್ತಿಲ್ಲ ಅನ್ನುವಾಗ, ಸಾಲ ಮಾಡಿಕೊಂಡಿದ್ದೀನಿ ಅನ್ನುವಾಗ. ಈ ಮಗು ಏನು ಪಾಪ ಮಾಡಿದೆ? ಬೆಳಿಗ್ಗೆ ನಾಲ್ಕಕ್ಕೆದ್ದು ಕಲ್ಯಾಣ ಮಂಟಪಕ್ಕೆ ಹೋಗಿ, ಎಲೆ ಹಾಕಿ, ನೀರು ಇಟ್ಟು, ಐದು ಪಂಕ್ತಿಗೆ ಅನ್ನ ಸಾರು ಬಡಿಸಿ, ಐನೂರೋ ಆರುನೂರೋ ತಗೊಂಡು ಮನೆಗೆ ಬಂದಿದೆ. ಪಾಪದ ಗುಟ್ಟಿನ ಹಾಗೆ ಆ ದುಡಿಮೆಯನ್ನು ಬಚ್ಚಿಡಬೇಕು ಅಂತ ಅದಕ್ಕೆ ಕಲಿಸಿದ್ದು ಯಾರು? ಇವತ್ತಿನ ಪಾಠ ಇದರ ಬಗ್ಗೆ.

ಬೈಬಲ್ ತೆರೆಯಿರಿ, ಅಪೊಸ್ತಲರ ಕೃತ್ಯಗಳು 18. ಪೌಲ ಅಥೇನೆಯನ್ನು ಬಿಟ್ಟು ಕೊರಿಂಥಕ್ಕೆ ಬರುತ್ತಾನೆ. ಅಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ದಂಪತಿ. ರೋಮಿನ ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನೆಲ್ಲ ಪಟ್ಟಣ ಬಿಟ್ಟು ಹೋಗಿ ಅಂದಿದ್ದಕ್ಕೆ ಅಲ್ಲಿಂದ ಬಂದವರು. ಅವರ ಕಸುಬು ಗುಡಾರ ಮಾಡುವುದು, ಪೌಲನ ಕಸುಬೂ ಅದೇ. ಹಾಗಾಗಿ ಅವರ ಮನೆಯಲ್ಲೇ ಉಳಿದು ಕೆಲಸಕ್ಕೆ ಸೇರಿಕೊಂಡ. ಸಬ್ಬತ್ ದಿನ ಸಭಾಮಂದಿರದಲ್ಲಿ ಮಾತು, ಉಳಿದ ದಿನ ಸೂಜಿ ನೂಲು.

ಈಗ ಗಮನಿಸಿ. ಈ ಮನುಷ್ಯ ಓದು ಹತ್ತದೆ ಕಸುಬಿಗೆ ಬಿದ್ದವನಲ್ಲ. ಯೆರೂಸಲೇಮಿನಲ್ಲಿ ಗಮಲಿಯೇಲನ ಪಾದದ ಬಳಿ ಕೂತು ಕಲಿತವನು, 22ನೇ ಅಧ್ಯಾಯ ಮೂರನೇ ವಚನ ನೋಡಿ. ಇವತ್ತಿನ ಲೆಕ್ಕದಲ್ಲಿ ದೊಡ್ಡ ಯೂನಿವರ್ಸಿಟಿಯ ಪಿಎಚ್‌ಡಿ ಅಂದುಕೊಳ್ಳಿ. ಆದರೆ ಯೆಹೂದ್ಯ ಗುರುಗಳಲ್ಲಿ ಒಂದು ಪದ್ಧತಿ ಇತ್ತು. ತಂದೆಯಾದವನು ಮಗನಿಗೆ ಧರ್ಮಶಾಸ್ತ್ರವನ್ನೂ ಕಲಿಸಬೇಕು, ಒಂದು ಕಸುಬನ್ನೂ ಕಲಿಸಬೇಕು. ಎರಡೂ ಅವನ ಜವಾಬ್ದಾರಿ. ಓದು ಒಂದು ಜಾತಿ, ಕೈಕೆಲಸ ಇನ್ನೊಂದು ಜಾತಿ ಅನ್ನುವ ಭಾವನೆ ಅವರಲ್ಲಿರಲಿಲ್ಲ. ನಮ್ಮಲ್ಲಿದೆ. ಒಪ್ಪಿಕೊಳ್ಳೋಣ.

ಗ್ರೀಕರಲ್ಲಿ, ರೋಮಿನವರಲ್ಲಿ ಕೂಡ ಇತ್ತು. ಪೌಲನಿಗಿಂತ ಸುಮಾರು ನೂರು ವರ್ಷ ಮೊದಲು ಸಿಸೆರೊ ಅನ್ನುವ ರೋಮಿನ ದೊಡ್ಡ ವಕೀಲ, ಕೂಲಿಗೆ ಕೈ ಸವೆಸುವ ಕಸುಬು ಸ್ವತಂತ್ರ ಮನುಷ್ಯನಿಗೆ ಶೋಭಿಸುವುದಿಲ್ಲ ಅಂತ ಬರೆದಿಟ್ಟಿದ್ದಾನೆ. ಕೊರಿಂಥದ ಅನುಕೂಲಸ್ಥರಿಗೆ ಇದೇ ಗುಂಗು. ಅವರ ಊರಿಗೆ ಬರುತ್ತಿದ್ದ ಬೇರೆ ಉಪದೇಶಕರು ಒಳ್ಳೆ ಬಟ್ಟೆ ಹಾಕಿ, ಫೀಸು ಇಸ್ಕೊಂಡು ಭಾಷಣ ಮಾಡುವವರು. ಇವರ ಅಪೊಸ್ತಲನ ಕೈ ನೋಡಿದರೆ ಒರಟು. ಅವರಿಗೆ ಮುಜುಗರ. ಅದಕ್ಕೇ 2 ಕೊರಿಂಥ 11:7ರಲ್ಲಿ ಪೌಲ ನೊಂದು ಕೇಳುತ್ತಾನೆ, ನಿಮ್ಮ ಹತ್ತಿರ ಕಾಸು ತಗೊಳ್ಳದೆ ನನ್ನನ್ನೇ ತಗ್ಗಿಸಿಕೊಂಡದ್ದು ತಪ್ಪಾಯಿತೇ ಅಂತ. ಮನೆಗೆ ಹೋಗಿ ಓದಿ. ಆ ವಚನದಲ್ಲಿ ಎಷ್ಟು ನೋವಿದೆ ಅಂತ ಬೈಬಲ್ ಕಾಲೇಜಿನಲ್ಲಿ ಓದುವಾಗ ನನಗೂ ತಿಳಿದಿರಲಿಲ್ಲ.

ಇನ್ನೊಂದು ವಿಷಯ, ಇದು ನಿಮಗೆ ಇಷ್ಟವಾಗುತ್ತೆ. ಕೊರಿಂಥದ ಪಕ್ಕದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೀತಿತ್ತು, ಇಸ್ತಮಿಯ ಆಟಗಳು ಅಂತ. ನಮ್ಮ ಕಡೆ ಜಾತ್ರೆಗೆ ಸೇರುವ ಹಾಗೆ ಜನ. ಬಂದವರಿಗೆ ನೆರಳು ಬೇಕು, ಗುಡಾರ ಬೇಕು, ಅಂಗಡಿಗಳಿಗೆ ಮೇಲ್ಹೊದಿಕೆ ಬೇಕು. ಪೌಲನಿಗೆ ಅಲ್ಲಿ ಕೈತುಂಬ ಕೆಲಸ ಸಿಕ್ಕಿರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಅಂದರೆ ಅಪೊಸ್ತಲನದ್ದು ಸೀಸನ್ ಕೆಲಸ ಮತ್ತು ಪಾರ್ಟ್ ಟೈಮ್ ಕೆಲಸ, ಎರಡೂ! ಆಮೆನ್ ಹೇಳ್ತೀರಾ ಇಲ್ವಾ?

ಈಗ ನಮ್ಮ ಊರಿಗೆ ಬರೋಣ. ನಿಮ್ಮಲ್ಲಿ ಕೆಲವರಿಗೆ ಕೆಲಸ ಅಂದರೆ ಬೇಜಾರಿಲ್ಲ, ಇಲ್ಲಿ ಮಾಡೋದು ಅಂದರೆ ಬೇಜಾರು. ಬೆಂಗಳೂರಿನ ಮಾಲ್‌ನಲ್ಲಿ ಬಟ್ಟೆ ಮಡಚೋಕೆ ರೆಡಿ, ಐಜೂರು ಸರ್ಕಲ್ಲಿನ ಅಂಗಡಿಯಲ್ಲಿ ಅದೇ ಬಟ್ಟೆ ಮಡಚೋಕೆ ಆಗಲ್ಲ. ಯಾಕೆ? "ನೋಡಿದೋರು ಏನಂತಾರೆ." ನಮ್ಮ ಹುಡುಗರು ಈಗ ಲಂಡನ್ನಿಗೆ, ಕೆನಡಾಕ್ಕೆ ಓದೋಕೆ ಹೋಗ್ತಾರೆ. ಅಲ್ಲಿ ಹೋಟೆಲಲ್ಲಿ ಟೇಬಲ್ ಒರೆಸ್ತಾರೆ, ತಟ್ಟೆ ತೊಳೀತಾರೆ, ಏಪ್ರನ್ ಹಾಕ್ಕೊಂಡು ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕ್ತಾರೆ. ಅಪ್ಪ ಅಮ್ಮ ಆ ಫೋಟೋ ಬೀದಿಗೆಲ್ಲ ತೋರಿಸ್ತಾರೆ. ಅದೇ ಹುಡುಗ ನಮ್ಮ ಮಂಟಪದಲ್ಲಿ ಸಾರಿನ ಬಕೆಟ್ ಹಿಡಿದರೆ ಮರ್ಯಾದೆ ಹೋಯ್ತು. ಸಾರು ಬದಲಾಗಿಲ್ಲ, ನೋಡುವವರು ಬದಲಾಗಿದ್ದಾರೆ ಅಷ್ಟೆ. ಮಾರ್ಕ 6:3 ನೆನಪು ಮಾಡಿಕೊಳ್ಳಿ. ನಜರೇತಿನ ಜನ ಯೇಸುವನ್ನು ನೋಡಿ, ಇವನು ಆ ಬಡಗಿ ಅಲ್ಲವೇ ಅಂತ ಮೂಗು ಮುರಿದರು. ಸ್ವಂತ ಊರಿನಲ್ಲಿ, ಗುರುತಿನವರ ಮುಂದೆ ಕರ್ತನು ಮರ ಕೆತ್ತಿದವನು.

ಇದನ್ನು ಹೇಳೋ ಯೋಗ್ಯತೆ ನನಗಿದೆಯಾ? ಇಲ್ಲ. ಯಾಕೆ ಅಂತ ಹೇಳಿಬಿಡ್ತೀನಿ.

2006ರ ಬೇಸಿಗೆ. ನಾನು ಫಸ್ಟ್ ಪಿಯುಸಿ ಪರೀಕ್ಷೆ ಮುಗಿಸಿದ್ದೆ. ಅಮ್ಮ ಇಲ್ಲೇ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡ್ತಿದ್ದರು. ಆ ಕೆಲಸ ಗೊತ್ತಿಲ್ಲದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮಾರ್ಕೆಟ್ಟಿನಿಂದ ಬಂದ ಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಎಳೆ ಹುಡುಕಿ, ಹಲವು ಗೂಡಿನ ಎಳೆ ಸೇರಿಸಿ ರಾಟೆಗೆ ಕೊಡಬೇಕು. ದಿನವಿಡೀ ಬೆರಳು ಬಿಸಿನೀರಲ್ಲಿ. ಚರ್ಮ ಬಿಳುಚಿಕೊಂಡು ಬಿರಿಯುತ್ತೆ. ಬೆಂದ ಹುಳದ ವಾಸನೆ ಬಟ್ಟೆಗೆ, ಕೂದಲಿಗೆ ಹತ್ತಿದರೆ ಸೋಪಿಗೆ ಬಗ್ಗಲ್ಲ. ನನ್ನನ್ನೂ ರಜೆಗೆ ಅಲ್ಲೇ ಸೇರಿಸಿದರು, ಗೂಡು ಹೊರೋಕೆ, ಸೌದೆ ಹಾಕೋಕೆ. ದಿನಕ್ಕೆ 50 ರೂಪಾಯಿ.

ಒಂದು ಮಧ್ಯಾಹ್ನ ನಾನು ಗೇಟಿನ ಹೊರಗೆ ನಿಂತಿದ್ದೆ. ಕಾಲೇಜಿನ ಇಬ್ಬರು ಫ್ರೆಂಡ್ಸ್ ಸೈಕಲ್ಲಿನಲ್ಲಿ ಬಂದರು. ನಾನು ಯಾರನ್ನೋ ನೋಡೋಕೆ ಬಂದವನ ಹಾಗೆ ನಿಂತೆ. ಆಗ ಅಮ್ಮ ಒಳಗಿಂದ ಬಂದು, ಸೆರಗಿಗೆ ಕೈ ಒರೆಸಿಕೊಳ್ತಾ, "ಮಗಾ, ಮುದ್ದೆ ಆರ್‌ಹೋಗ್ತದೆ, ಉಣ್ಣು ಬಾ" ಅಂದರು. ನಾನು ತಿರುಗಿ ನೋಡಲಿಲ್ಲ. ಫ್ರೆಂಡು "ಯಾರೋ ಅದು?" ಅಂದ. ನಾನು "ನಮ್ ಬೀದಿಯೋರು" ಅಂದೆ.

ಅಮ್ಮನಿಗೆ ಕೇಳಿಸಿತು. ಏನೂ ಅನ್ನಲಿಲ್ಲ. ಆ ರಾತ್ರಿ ನನ್ನ ಶರ್ಟನ್ನು ಎರಡು ಸಲ ಒಗೆದು ಹಾಕಿದರು.

ಪೇತ್ರನಿಗೆ ಕೋಳಿ ಕೂಗಿತು. ನನಗೆ ಅದು ಕೂಗಿದ್ದು ನಾಲ್ಕು ವರ್ಷ ಆದ ಮೇಲೆ, ಬೈಬಲ್ ಕಾಲೇಜಿನಲ್ಲಿ ಅದೇ ಭಾಗವನ್ನು ಓದುವಾಗ. ಊರಿಗೆ ಬಂದು ಕ್ಷಮೆ ಕೇಳಿದೆ. "ನಂಗ್ಯಾವ್ದೂ ಗ್ಯಾನ ಇಲ್ಲ ಬಿಡು" ಅಂದರು. ಗ್ಯಾನ ಇತ್ತು. ಅವರು ಇವತ್ತೂ ಇಲ್ಲೇ ಕೂತಿದ್ದಾರೆ, ನಾನು ಇದನ್ನು ಹೇಳ್ತೀನಿ ಅಂತ ಬೆಳಿಗ್ಗೆನೇ ಅವರನ್ನು ಕೇಳಿಕೊಂಡು ಬಂದಿದ್ದೀನಿ. ಕೆಲಸದ ಬಗ್ಗೆ ನಾಚಿಕೆ ಅಲ್ಲಿಗೇ ನಿಲ್ಲಲ್ಲ ತಮ್ಮಾ. ಅದು ಆ ಕೆಲಸ ಮಾಡಿ ನಿನ್ನ ಫೀಸು ಕಟ್ಟಿದವರ ಮೇಲಿನ ನಾಚಿಕೆ ಆಗಿಬಿಡುತ್ತೆ.

ಈಗ ತಂದೆ ತಾಯಂದಿರ ಕಡೆ ತಿರುಗ್ತೀನಿ. "ನಮ್ಮ ಮಕ್ಕಳು ಓದುವಾಗ ಕೆಲಸಕ್ಕೆ ಹೋಗೋದು ಬೇಡ ಪಾಸ್ಟರ್" ಅಂತ ನೀವು ಹೇಳಿದಾಗ ಇದು ಜಂಬ ಅಂತ ನಾನು ಮೊದಮೊದಲು ಅಂದುಕೊಂಡಿದ್ದೆ. ಮಾಗಡಿ ಕಡೆಯ ಒಬ್ಬ ಹಿರಿಯರು ತಮ್ಮ ಕಥೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಮನೆಯವರು ಮದುವೆ ಖರ್ಚಿಗೆ ಮುಂಗಡ ತಗೊಂಡು ಅವರನ್ನು ರೇಷ್ಮೆ ಹುರಿ ಮಾಡುವ ಕಡೆ ಬಿಟ್ಟರಂತೆ. ಮುಂಗಡ ತೀರಲಿಲ್ಲ, ಶಾಲೆ ಮುಗಿದುಹೋಯಿತು. ಇದು ಒಬ್ಬರ ಕಥೆಯಲ್ಲ. ಜೀತ ಪದ್ಧತಿ ನಿಷೇಧದ ಕಾನೂನು 1976ರಲ್ಲೇ ಬಂದಿದೆ. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಸಂಸ್ಥೆ ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಸಿಕ್ಕಿಕೊಂಡ ಮಕ್ಕಳ ಬಗ್ಗೆ ಒಂದು ದೊಡ್ಡ ವರದಿ ಬರೆದಾಗ ಅದರಲ್ಲಿ ನಮ್ಮ ಕರ್ನಾಟಕವೂ ಇತ್ತು. ಜಗತ್ತಿಗೆ ರೇಷ್ಮೆ ನಾಡು ಅಂತ ಹೇಳಿಕೊಳ್ಳುವ ನಾವು ಇದನ್ನೂ ನೆನಪಿಟ್ಟುಕೊಳ್ಳಬೇಕು. ಅಂಥ ಬಾಲ್ಯ ಕಂಡ ತಂದೆ, ನನ್ನ ಮಗಳು ಪುಸ್ತಕ ಬಿಟ್ಟು ಬೇರೇನೂ ಮುಟ್ಟಬಾರದು ಅಂದರೆ ಅದು ಗಾಯದ ಮಾತು.

ಆದ್ದರಿಂದ ಜೀತಕ್ಕೂ ದುಡಿಮೆಗೂ ವ್ಯತ್ಯಾಸ ಮಕ್ಕಳಿಗೆ ತಿಳಿಸಿ ಕೊಡಿ. ಧರ್ಮೋಪದೇಶಕಾಂಡ 24ರಲ್ಲಿ ಮೋಶೆ ಹೇಳುವುದು ಏನು? ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು, ಅವನು ಅದನ್ನೇ ನಂಬಿಕೊಂಡಿದ್ದಾನೆ. ಸಾಲಕ್ಕೆ ಒತ್ತೆ ಬಿದ್ದವನಿಗೆ ಸೂರ್ಯ ಮುಳುಗೋದೇ ಇಲ್ಲ. ದುಡಿಯುವವನು ತನ್ನ ಕೂಲಿ ಕೈಗೆ ಪಡೆದು, ಬೇಕಾದರೆ ನಾಳೆ ಬರಲ್ಲ ಅಂತ ಹೇಳಿ ಹೋಗಬಲ್ಲ. ತಮ್ಮಂದಿರೇ, ಕೆಲಸಕ್ಕೆ ಸೇರುವ ಮೊದಲೇ ಬಾಯಿ ಬಿಟ್ಟು ಕೇಳಿ: ಎಷ್ಟು ಗಂಟೆ, ಎಷ್ಟು ಕೂಲಿ, ಯಾವ ದಿನ, ಕೊಡೋರು ಯಾರು? ಮುಂಗಡ ಮಾತ್ರ ಮುಟ್ಟಬೇಡಿ. ಕೇಳೋದು ಅವಿಧೇಯತೆ ಅಲ್ಲ, ದೇವರೇ ಬರೆಸಿದ ವಿಷಯ. ಇನ್ನು ಪಿಯುಸಿಯವರಿಗೆ ಒಂದು ಮಾತು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ ಅಂತ ನಿಮಗೆ ಗೊತ್ತು. 2016ರ ತಿದ್ದುಪಡಿ ಬಂದ ಮೇಲೆ 14ರಿಂದ 18ರವರನ್ನೂ ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಹದಿನೇಳು ವರ್ಷದವನನ್ನು ಯಾರಾದರೂ ಸ್ಫೋಟಕದ ಹತ್ತಿರ, ಕ್ವಾರಿ ಹತ್ತಿರ ಕರೆದರೆ ದುಡ್ಡು ಎಷ್ಟೇ ಇರಲಿ, ಹೋಗಬೇಡ.

"ಕೆಲಸ ಎಲ್ಲಿದೆ ಪಾಸ್ಟರ್?" ಅಂತೀರಿ. ನ್ಯಾಯವಾದ ಪ್ರಶ್ನೆ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಕಾರುಗಳೆಲ್ಲ ಊರ ಹೊರಗೇ ಹಾರಿಹೋಗ್ತವೆ. ಹಳೇ ರಸ್ತೆಯ ಹೋಟೆಲುಗಳಲ್ಲಿ, ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಮೊದಲು ರಜೆಗೆ ಹುಡುಗರನ್ನು ತಗೊಳ್ತಿದ್ದರು, ಈಗ ಗಿರಾಕಿ ಕಡಿಮೆ. ಆದರೆ ರಾಜ್ಯದಲ್ಲೇ ಮೊದಲು ಮಾರುಕಟ್ಟೆಗೆ ಬರುವ ಮಾವು ನಮ್ಮದು. ಏಪ್ರಿಲ್, ಮೇ ಅಂದರೆ ಬಾದಾಮಿ, ಸೇಂದೂರ ಕೊಯ್ಲು. ಕೀಳಬೇಕು, ತೊಟ್ಟು ಮುರೀಬೇಕು, ವಿಂಗಡಿಸಿ ಕ್ರೇಟಿಗೆ ತುಂಬಬೇಕು. ಸೊನೆ ತಾಗಿದರೆ ಕೈ ಸುಡುತ್ತೆ, ತುಂಬುತೋಳಿನ ಶರ್ಟು ಹಾಕ್ಕೊಳ್ಳಿ. ಒಂದು ತಿಂಗಳು ಮಂಡಿಯಲ್ಲಿ ನಿಂತು ತೂಕ, ಕಮಿಷನ್, ಬಾಡಿಗೆ ಕಳೆದು ರೈತನ ಕೈಗೆ ಎಷ್ಟು ಉಳೀತು ಅಂತ ಬರೆದುಕೊಂಡ ಬಿ.ಕಾಂ ಹುಡುಗನಿಗೆ ಅಕೌಂಟ್ಸ್ ಪುಸ್ತಕ ಬೇರೆ ಥರ ಕಾಣುತ್ತೆ. ಗೊಂಬೆ ಮಾಡುವವರ ಹತ್ತಿರ ಎರಡು ತಿಂಗಳು ಕೂತರೆ, ಹಾಲೆ ಮರಕ್ಕೆ ಅರಗಿನ ಬಣ್ಣ ಹೇಗೆ ಹಿಡಿಯುತ್ತೆ ಅಂತ ತಿಳಿಯುತ್ತೆ. ಇನ್ನೂರು ವರ್ಷಕ್ಕೂ ಹಳೆಯ ಕಸುಬು ಅದು, ಅದರ ಹೆಸರಿಗೆ ಸರ್ಕಾರದ ಭೌಗೋಳಿಕ ಸೂಚಿ ಮಾನ್ಯತೆಯೂ ಇದೆ. ನಾವೇ ಕಲಿಯದಿದ್ದರೆ ಆ ಹೆಸರು ಕಾಗದದ ಮೇಲೆ ಮಾತ್ರ ಇರುತ್ತೆ.

ತಂಗಿಯರ ಚೀಟಿಗಳ ಬಗ್ಗೆ ಒಂದು ಮಾತು. ಕನಕಪುರ ಕಡೆಯ ಒಬ್ಬಳನ್ನು ನಾನೇ ಕೇಳಿದೆ, "ರಜೆಯಲ್ಲಿ ಏನಮ್ಮಾ?" "ಏನಿಲ್ಲ ಪಾಸ್ಟರ್, ಮನೇಲಿ ಸುಮ್ನೆ ಇರ್ತೀನಿ." ಸುಮ್ಮನೆ ಅಂದರೆ ಏನು ಅಂತ ಬಿಡಿಸಿ ಕೇಳಿದೆ. ಮನೆಯಲ್ಲಿ ರೇಷ್ಮೆ ಹುಳ ಇದೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನುತ್ತೆ. ಇವಳು ನಸುಕಿಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ತಾಳೆ, ಹಾಕ್ತಾಳೆ, ಕಸ ತೆಗೀತಾಳೆ, ಹಣ್ಣಾದ ಹುಳ ಆಯ್ದು ಚಂದ್ರಂಕಿಗೆ ಬಿಡ್ತಾಳೆ, ಗೂಡು ಬಿಡಿಸ್ತಾಳೆ. ಜೊತೆಗೆ ಹಸು, ಅಡುಗೆ. ಇದರ ಹೆಸರು "ಸುಮ್ನೆ"! ಅಣ್ಣ ಎರಡು ದಿನ ಬಡಿಸೋಕೆ ಹೋದರೆ ಅದು ದುಡಿಮೆ. ಅಪ್ಪಂದಿರೇ, ಗೂಡು ಮಾರ್ಕೆಟ್ಟಿನಲ್ಲಿ ಹರಾಜಾಗಿ ದುಡ್ಡು ಬಂದ ದಿನ ಮಗಳ ಕೈಗೆ ಅವಳ ಪಾಲು ಅಂತ ಒಂದಿಷ್ಟು ಇಡಿ. ರೂತಳು ಬೋವಜನ ಹೊಲದಲ್ಲಿ ಆಯ್ದ ಜವೆಗೋಧಿಯನ್ನು ಬೈಬಲ್ ಅಳತೆ ಸಮೇತ ಬರೆದಿಟ್ಟಿದೆ, ಒಂದು ಏಫಾ ಅಂತ. ಹೆಣ್ಣುಮಗಳ ದುಡಿಮೆಯನ್ನು ಅಳೆದು ಬರೆಯುವುದು ದೇವರಿಗೆ ಸಣ್ಣ ವಿಷಯವಲ್ಲ. ಹೊರಗೆ ಕೆಲಸಕ್ಕೆ ಹೋಗಬೇಕು ಅನ್ನುವ ತಂಗಿಯರಿಗೆ, 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಕನಕಪುರದಿಂದ ಇಲ್ಲಿಗೆ ಬಂದು ಹೋಗುವ ಖರ್ಚಿನ ನೆಪ ಹೋಯಿತು. ಸಂಜೆ ಎಷ್ಟೊತ್ತಿಗೆ ಬಿಡ್ತಾರೆ, ಜೊತೆಗೆ ಯಾರಿದ್ದಾರೆ ಅನ್ನುವುದನ್ನು ಮಾತ್ರ ಮನೆಯವರು ಹೋಗಿ ನೋಡಿ ಬನ್ನಿ.

ಈಗ ನನಗೆ ಕಷ್ಟವಾದ ಭಾಗ. 2023ರಲ್ಲಿ ಇದೇ ಜಾಗದಲ್ಲಿ ನಿಂತು ನಾನು 2 ಥೆಸಲೊನೀಕ 3:10ರ ಮೇಲೆ ಜೋರಾಗಿ ಪ್ರಸಂಗ ಮಾಡಿದ್ದೆ. ಕೆಲಸ ಮಾಡದವನಿಗೆ ಊಟವಿಲ್ಲ ಅಂತ ಮೇಜು ಕುಟ್ಟಿದ್ದೆ. ಚಪ್ಪಾಳೆಯೂ ಬಿತ್ತು. ಅದನ್ನು ಕೇಳಿ ನಮ್ಮ ಒಬ್ಬ ತಮ್ಮ, ಬಿ.ಕಾಂ ಎರಡನೇ ವರ್ಷ, ಸಂಜೆ ಹೊತ್ತು ಡೆಲಿವರಿ ಕೆಲಸಕ್ಕೆ ಸೇರಿದ. ಮೊದಲ ತಿಂಗಳ ದುಡ್ಡು ತಂದು ತಾಯಿಗೆ ಕೊಟ್ಟಾಗ ನಾವೆಲ್ಲ ಸಾಕ್ಷಿ ಹೇಳಿಸಿದೆವು. ಆಮೇಲೆ ಕಂತಿನ ಮೇಲೆ ಬೈಕು ತಗೊಂಡ. ಕಂತು ಕಟ್ಟೋಕೆ ಸಂಜೆ ಸಾಲದು, ಮಧ್ಯಾಹ್ನವೂ ಹೊರಟ. 75 ಪರ್ಸೆಂಟ್ ಹಾಜರಿ ಇಲ್ಲ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಮುಂದಿನ ವರ್ಷ ಕಟ್ತೀನಿ ಅಂದ. ಕಟ್ಟಲಿಲ್ಲ. ಅವನ ತಂದೆ ಒಂದು ರಾತ್ರಿ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನೀವೇ ಅಲ್ವಾ ಪಾಸ್ಟರ್ ಹೇಳಿದ್ದು?" ಅಂದರು. ಒಳಗೆ ಬನ್ನಿ ಅಂದೆ, ಬರಲಿಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಹೇಳ್ತೀನಿ: ಹೌದು, ನಾನೇ ಹೇಳಿದ್ದು, ಅರ್ಧ ಹೇಳಿದ್ದು.

ಆ ವಚನವನ್ನು ಮತ್ತೆ ಓದಿ. ಪೌಲ ಅಲ್ಲಿ ಬೈಯುತ್ತಿರುವುದು ಯಾರನ್ನು? ದುಡಿಯಲು ಮನಸ್ಸೇ ಇಲ್ಲದವರನ್ನು. 11ನೇ ವಚನ ನೋಡಿ, ತಮ್ಮ ಕೆಲಸ ಬಿಟ್ಟು ಇತರರ ವಿಷಯಕ್ಕೆ ತಲೆ ಹಾಕಿಕೊಂಡು ತಿರುಗುವವರು ಅವರು. ರಾತ್ರಿ ಹನ್ನೊಂದರವರೆಗೆ ಕೂತು ಓದುವ ಹುಡುಗನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಓದು ಕೂಡ ದುಡಿಮೆ. ಅದನ್ನು ನಾನು ಅವತ್ತು ಹೇಳಲಿಲ್ಲ.

ಇನ್ನೊಂದು ಅರ್ಧ ನಾವು ಆಗಲೇ ಓದಿದ ಭಾಗದಲ್ಲೇ ಇದೆ, 18ನೇ ಅಧ್ಯಾಯ ಐದನೇ ವಚನ. ಸೀಲನೂ ತಿಮೊಥೆಯನೂ ಮಕೆದೋನ್ಯದಿಂದ ಬಂದರು. ಅಲ್ಲಿನ ಸಹೋದರರು ಪೌಲನ ಕೊರತೆ ನೀಗಿಸಿದರು ಅಂತ 2 ಕೊರಿಂಥ 11:9 ಹೇಳುತ್ತೆ. ಅವರು ಬಂದ ಮೇಲೆ ಪೌಲ ಏನು ಮಾಡಿದ? ತನ್ನ ಸಮಯವನ್ನೆಲ್ಲ ವಾಕ್ಯಕ್ಕೆ ಕೊಟ್ಟ. ಆರ್ಡರು ಜಾಸ್ತಿ ಇದೆ, ಇನ್ನೊಂದು ಗುಡಾರ ಮುಗಿಸಿ ಬರ್ತೀನಿ ಅನ್ನಲಿಲ್ಲ. ಸೂಜಿ ಹಿಡಿಯೋಕೆ ನಾಚಲಿಲ್ಲ, ಕೆಳಗಿಡೋಕೆ ತಡಮಾಡಲಿಲ್ಲ. ಅವನು ಕೊರಿಂಥಕ್ಕೆ ಬಂದದ್ದು ಯಾಕೆ ಅಂತ ಅವನಿಗೆ ಗೊತ್ತಿತ್ತು. ನೀನು ಕಾಲೇಜಿಗೆ ಸೇರಿದ್ದು ಯಾಕೆ ಅಂತ ನಿನಗೂ ಗೊತ್ತಿರಬೇಕು.

ಲೆಕ್ಕ ಬೇಕಾ? ಬ್ರಿಟನ್ನಿನಲ್ಲಿ ಡಿಗ್ರಿ ಓದೋಕೆ ಹೋದ ನಮ್ಮ ಮಕ್ಕಳಿಗೆ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡೋಕೆ ವೀಸಾ ಬಿಡಲ್ಲ. ಬಂದದ್ದು ಓದೋಕೆ ಅನ್ನುವುದನ್ನು ಆ ಸರ್ಕಾರ ಬರೆದು ನೆನಪಿಸುತ್ತೆ. ನಮಗೆ ಹಾಗೆ ನೆನಪಿಸೋರು ಇಲ್ಲ. ನಮ್ಮ ಸಭೆಯ ಮಕ್ಕಳಿಗೆ ನಾನು ಇನ್ನೂ ಕಡಿಮೆ ಹೇಳ್ತೀನಿ, ಕಾಲೇಜು ನಡೆಯುವಾಗ ವಾರಕ್ಕೆ 12 ಗಂಟೆ, ರಜೆಯಲ್ಲಿ ನಿನ್ನ ಶಕ್ತಿ ಇದ್ದಷ್ಟು. ಇದು ವಾಕ್ಯ ಅಲ್ಲ, ನನ್ನ ಅಭಿಪ್ರಾಯ. ಮತ್ತೆ, ಡಿಗ್ರಿ ಮುಗಿಯುವವರೆಗೆ ಕಂತಿನ ಮೇಲೆ ಏನನ್ನೂ ಕೊಳ್ಳಬೇಡಿ. ಇದೂ ನನ್ನ ಅಭಿಪ್ರಾಯವೇ, ಆದರೆ ಇದನ್ನು ನಾನು ಅಳುತ್ತಾ ಹೇಳ್ತಿದ್ದೀನಿ. ಆ ತಮ್ಮ ಮೂರನೇ ಸಲ ಕೇಳಿದಾಗ ತನ್ನ ವಿಷಯ ಹೇಳೋಕೆ ನನಗೆ ಒಪ್ಪಿಗೆ ಕೊಟ್ಟ. ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ ತರಿಸಿ ಅವನ ಮನೆಯಲ್ಲಿ ಇಟ್ಟು ಬಂದಿದ್ದೀನಿ. ಇನ್ನೂ ತುಂಬಿಲ್ಲ. ಅವನಿಗಾಗಿ ಪ್ರಾರ್ಥಿಸಿ.

ಮೊಬೈಲಿನ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ವಾಟ್ಸಾಪಿಗೋ ಟೆಲಿಗ್ರಾಮಿಗೋ "ಪಾರ್ಟ್ ಟೈಮ್ ಜಾಬ್, ಮನೆಯಲ್ಲೇ ಕೂತು ದಿನಕ್ಕೆ ಮೂರು ಸಾವಿರ" ಅಂತ ಬಂದರೆ, ಮೊದಲು ಲೈಕ್ ಒತ್ತಿದ್ದಕ್ಕೆ ನೂರಿನ್ನೂರು ಕೊಟ್ಟು, ಆಮೇಲೆ ದೊಡ್ಡ ಟಾಸ್ಕಿಗೆ ನೀನೇ ದುಡ್ಡು ಹಾಕು ಅಂತಾರೆ. ಕೆಲಸ ಕೊಡುವವನು ನಿನ್ನಿಂದ ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ಇನ್ನು ಕೆಲವರು ನಿನ್ನ ಬ್ಯಾಂಕ್ ಅಕೌಂಟ್ ಬಾಡಿಗೆಗೆ ಕೊಡು ಅಂತಾರೆ, ಅದರಲ್ಲಿ ಕದ್ದ ದುಡ್ಡು ಓಡಾಡುತ್ತೆ, ಪೊಲೀಸರು ಬರೋದು ನಿನ್ನ ಮನೆಗೆ. ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಯೋಕೆ ಅವಕಾಶ ಜಾಸ್ತಿ.

ಮೊದಲ ಸಂಬಳವನ್ನು ತಂದು ಕಾಣಿಕೆ ಡಬ್ಬಿಗೆ ಹಾಕಿ ಅಂತ ಈಗ ಪಾಸ್ಟರ್ ಹೇಳ್ತಾರೆ ಅಂತ ಕಾಯ್ತಿದ್ದೀರಿ, ಗೊತ್ತು. ಹೇಳಲ್ಲ. ಮಾರ್ಕ 7ರಲ್ಲಿ ಯೇಸು ಕೊರ್ಬಾನಿನ ಬಗ್ಗೆ ಏನು ಹೇಳಿದ ಅಂತ ಓದಿ. ದೇವರಿಗೆ ಮುಡಿಪು ಅಂತ ಹೇಳಿ ತಂದೆ ತಾಯಿಗೆ ಕೊಡದೆ ಇರುವವರನ್ನು ಆತನು ಮೆಚ್ಚಲಿಲ್ಲ. ಮೊದಲು ತಾಯಿಯ ಕೈಗೆ ಕೊಡು. ಅವಳು ಅದರಲ್ಲಿ ದೇವರಿಗೆ ಎಷ್ಟು ತೆಗೆದಿಡ್ತಾಳೆ ಅಂತ ನಿನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ಮದುವೆಗಳು ಜಾಸ್ತಿ ಭಾನುವಾರವೇ ಬೀಳ್ತವೆ. "ಬಡಿಸೋಕೆ ಹೋದರೆ ಆರಾಧನೆ ತಪ್ಪುತ್ತೆ, ಏನ್ ಮಾಡ್ಲಿ?" ಇಷ್ಟು ದಿನ ನಾನು ಸುಲಭವಾಗಿ, ಆರಾಧನೆ ಬಿಡಬೇಡ, ದೇವರು ಒದಗಿಸ್ತಾನೆ ಅಂದುಬಿಡ್ತಿದ್ದೆ. ಕಾಲೇಜ್ ಫೀಸಿನ ಕೊನೆ ದಿನಾಂಕ ನನ್ನ ಮನೆಗೆ ಬಂದಿರಲಿಲ್ಲ, ಅದಕ್ಕೆ ಸುಲಭ. ನಾನೇ ವಾರಕ್ಕೆ ಆರು ದಿನ ಬಿಡದಿಯ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಶಿಫ್ಟ್ ಅಂದರೇನು ಅಂತ ಗೊತ್ತಿದ್ದೂ ಹಾಗೆ ಹೇಳಿದ್ದಕ್ಕೆ ನನಗೆ ನಾಚಿಕೆಯಿದೆ.

ಮೊದಲ ಸಭೆಗಳಲ್ಲಿ ದಾಸರಿದ್ದರು. ಅವರಿಗೆ ವಾರದ ರಜೆ ಅಂತ ಇರಲಿಲ್ಲ, ಭಾನುವಾರವೂ ಯಜಮಾನನ ಕೆಲಸವೇ. ಅವರೇನು ಮಾಡಿದರು? ಸುಮಾರು 112ನೇ ಇಸವಿಯಲ್ಲಿ ಪ್ಲೀನಿ ಅನ್ನುವ ರೋಮಿನ ಅಧಿಕಾರಿ ಬಿಥೂನ್ಯದಿಂದ ಚಕ್ರವರ್ತಿ ತ್ರಾಜಾನನಿಗೆ ಒಂದು ಕಾಗದ ಬರೆಯುತ್ತಾನೆ. ಈ ಕ್ರೈಸ್ತರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ ಕ್ರಿಸ್ತನನ್ನು ಹಾಡಿ ಸ್ತುತಿಸುತ್ತಾರೆ ಅಂತ ಅದರಲ್ಲಿದೆ. ಬೆಳಕಾದ ಮೇಲೆ ಕೆಲಸಕ್ಕೆ ಹೋಗಬೇಕಾದವರು ಕತ್ತಲಲ್ಲೇ ದೇವರ ಮುಂದೆ ನಿಂತರು.

ಹಿರಿಯರ ಹತ್ತಿರ ಮಾತಾಡಿದ್ದೀನಿ. ಮುಂದಿನ ಭಾನುವಾರದಿಂದ ಮಾವಿನ ಕಾಲ, ಮದುವೆ ಕಾಲ ಮುಗಿಯುವವರೆಗೆ, ಬೆಳಿಗ್ಗೆ ನಾಲ್ಕು ಗಂಟೆಗೆ ನಾನು ಸಭೆಯ ಬಾಗಿಲು ತೆಗೀತೀನಿ. ಮುಕ್ಕಾಲು ಗಂಟೆ: ಒಂದು ಹಾಡು, ಒಂದು ಅಧ್ಯಾಯ, ಪ್ರಾರ್ಥನೆ. ಮೈಕ್ ಇರಲ್ಲ, ಅಕ್ಕಪಕ್ಕದವರು ಮಲಗಿರ್ತಾರೆ. ಮಂಟಪಕ್ಕೆ ಹೋಗುವವರು ಯೂನಿಫಾರಂ ಹಾಕ್ಕೊಂಡೇ ಬನ್ನಿ, ತೋಟಕ್ಕೆ ಹೋಗುವವರು ಹಳೇ ಶರ್ಟಲ್ಲೇ ಬನ್ನಿ. ಕಾಫಿ ನಮ್ಮಮ್ಮ ಮಾಡ್ತಾರಂತೆ. ಆ ಚೀಟಿ ಬರೆದವರೇ, ನಾನು ಯಾರಿಗೂ ಹೇಳಿಲ್ಲ. ನಾಲ್ಕಕ್ಕೆ ನೀವು ಬಂದರೆ ಸಾಕು.

ಸೋಮವಾರ ಕೊಯ್ಲಿಗೆ ಹೋಗುವವರು ಯಾರ್ಯಾರು, ಕೈ ಎತ್ತಿ. ಎಲ್ಲರೂ ಎದ್ದು ನಿಲ್ಲಿ. ಆ ಕೈಗಳಿಗಾಗಿ ಪ್ರಾರ್ಥಿಸೋಣ.